ಪಾದ, ಮೈ, ತಲೆ: ಮೈಕಲ್ ಗ್ರೇವ್ಸ್ ಕಟ್ಟಡಗಳನ್ನು ಓದುವುದು ಹೇಗೆ

ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ಡಿಸ್ನಿ ಕಂಪನಿಯ ಒಂದು ಆಫೀಸ್ ಕಟ್ಟಡವಿದೆ. ಮುಂದಿನಿಂದ ನೋಡಿದರೆ ಗ್ರೀಕ್ ಗುಡಿಯ ಹಾಗೆ ಮೇಲೊಂದು ತ್ರಿಕೋನದ ಮಾಡು. ಅದನ್ನು ಹೊತ್ತು ನಿಂತವರು ಮಾತ್ರ ಸ್ನೋ ವೈಟ್ ಕಥೆಯ ಕುಳ್ಳರು. ಹೆಸರಿಗೆ ಕುಳ್ಳರು, ಇಲ್ಲಿ ಒಬ್ಬೊಬ್ಬನೂ 19 ಅಡಿ ಎತ್ತರ. ಆರು ಜನ ಸಾಲಾಗಿ ನಿಂತು ಕೈಯೆತ್ತಿ ಮಾಡು ಹಿಡಿದಿದ್ದಾರೆ. ಏಳನೆಯವನು ಡೋಪಿ, ಮೇಲೆ ತ್ರಿಕೋನದ ನಡುವೆ ಒಬ್ಬನೇ ಇದ್ದಾನೆ.

ಇದು ತಮಾಷೆಯೋ ಗಂಭೀರವೋ ಅಂತ ಕೇಳಿದರೆ, ಎರಡೂ ಹೌದು. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಮೇಲೆ ಎರೆಕ್ಥಿಯನ್ ಅನ್ನುವ ಹಳೇ ಗುಡಿಯಿದೆ. ಅದರ ಒಂದು ಜಗುಲಿಯಲ್ಲಿ ಕಂಬಗಳ ಬದಲು ಆರು ಹೆಣ್ಣುಗಳ ಶಿಲ್ಪಗಳು ಮಾಡು ಹೊತ್ತಿವೆ. ಅದೇ ಉಪಾಯವನ್ನು ಡಿಸ್ನಿಗೆ ಒಪ್ಪುವಂತೆ ತಿರುಗಿಸಿದವರು ಮೈಕಲ್ ಗ್ರೇವ್ಸ್ ಎಂಬ ಅಮೆರಿಕನ್ ಆರ್ಕಿಟೆಕ್ಟ್. ಇದರಲ್ಲಿ ಮನೆಯವರಿಗಷ್ಟೇ ಅರ್ಥವಾಗುವ ಜೋಕೂ ಒಂದಿದೆ. ಬರ್ಬ್ಯಾಂಕಿನ ಸ್ಟುಡಿಯೋ ಎದ್ದಿದ್ದೇ 1937ರ ಸ್ನೋ ವೈಟ್ ಸಿನಿಮಾ ತಂದ ದುಡ್ಡಿನಿಂದ. ಕಂಪನಿಯನ್ನು ಹೊತ್ತವರು ಕುಳ್ಳರೇ ಅಲ್ವಾ!

ಹಳೇ ಕಾಲದ ಒಂದು ಆಕಾರವನ್ನು ಗುರುತು ಸಿಗುವಂತೆ ತರಬೇಕು. ಅದರ ಜೊತೆ ಸ್ವಲ್ಪ ಆಟವನ್ನೂ ಆಡಬೇಕು. ಕಟ್ಟಡಗಳ ಲೋಕದಲ್ಲಿ ಪೋಸ್ಟ್‌ಮಾಡರ್ನ್ ಅಂದರೆ ಮುಖ್ಯವಾಗಿ ಇದು. ಸಾಹಿತ್ಯದಲ್ಲಿ, ತತ್ವಶಾಸ್ತ್ರದಲ್ಲಿ ಈ ಹೆಸರು ಕೇಳಿದರೆ ತಲೆ ತಿರುಗುವುದು ಸಹಜ. ಇಲ್ಲಿ ಅಷ್ಟು ಕಷ್ಟವಿಲ್ಲ. ಆದರೆ ಇದು ಯಾವುದರ ವಿರುದ್ಧದ ಜಗಳ ಅನ್ನುವುದು ಗೊತ್ತಿರಬೇಕು.

ಜಗಳ ಇದ್ದದ್ದು ಮಾಡರ್ನಿಸಂ ಜೊತೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಯುರೋಪಿನಲ್ಲಿ ಗ್ರೋಪಿಯಸ್, ಮೀಸ್ ವಾನ್ ಡೆರ್ ರೋಹೆ, ಲ ಕಾರ್ಬೂಸಿಯೆ ಮುಂತಾದ ಆರ್ಕಿಟೆಕ್ಟ್‌ಗಳು ಒಂದು ಹೊಸ ದಾರಿ ಹಿಡಿದರು. ಕೆತ್ತನೆ ಬೇಡ, ಕಮಾನು ಬೇಡ, ಸುಳ್ಳು ಅಲಂಕಾರ ಬೇಡ. ಉಕ್ಕು, ಗಾಜು, ಕಾಂಕ್ರೀಟು ಸಾಕು. ಕಟ್ಟಡ ಏನು ಕೆಲಸಕ್ಕಿದೆಯೋ ಅದನ್ನು ಮಾಡಿದರೆ ಮುಗಿಯಿತು. ಆ ಹೊತ್ತಿಗೆ ಅದು ದೊಡ್ಡ ಬಿಡುಗಡೆಯೇ ಆಗಿತ್ತು. ಆದರೆ 1950-60ರ ದಶಕಕ್ಕೆ ಬರುವಷ್ಟರಲ್ಲಿ ಅಮೆರಿಕದ ಪೇಟೆಗಳ ತುಂಬ ಗಾಜಿನ ಡಬ್ಬಿಗಳು ಎದ್ದು ನಿಂತವು. ಬ್ಯಾಂಕೂ ಹಾಗೇ, ಸರ್ಕಾರಿ ಕಚೇರಿಯೂ ಹಾಗೇ. ಬಾಗಿಲು ಎಲ್ಲಿದೆ ಅಂತ ಹುಡುಕಬೇಕು. ಮೀಸ್ ಅವರ ಮಂತ್ರ 'ಲೆಸ್ ಈಸ್ ಮೋರ್', ಅಂದರೆ ಕಡಿಮೆಯೇ ಹೆಚ್ಚು. ಫಿಲಡೆಲ್ಫಿಯಾದ ಆರ್ಕಿಟೆಕ್ಟ್ ರಾಬರ್ಟ್ ವೆಂಚುರಿ 1966ರಲ್ಲಿ ಅದನ್ನೇ ತಿರುಚಿ 'ಲೆಸ್ ಈಸ್ ಎ ಬೋರ್' ಅಂದರು. ಆ ಬೇಸರದಿಂದ ಹುಟ್ಟಿದ್ದೇ ಪೋಸ್ಟ್‌ಮಾಡರ್ನ್.

ವಿಚಿತ್ರ ಅಂದರೆ ಗ್ರೇವ್ಸ್ ಮೊದಲು ಇದ್ದದ್ದು ಎದುರು ಪಾಳಯದಲ್ಲಿ. ಹುಟ್ಟಿದ್ದು 1934ರಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ. ಸಿನ್ಸಿನಾಟಿಯಲ್ಲೂ ಹಾರ್ವರ್ಡ್‌ನಲ್ಲೂ ಓದಿದರು. 1960ರಲ್ಲಿ ರೋಮ್ ಪ್ರೈಜ್ ಸಿಕ್ಕಿ ಎರಡು ವರ್ಷ ರೋಮ್‌ನಲ್ಲಿದ್ದರು. ಹಳೇ ಚರ್ಚುಗಳು, ಕಮಾನುಗಳು, ಪಾಳುಬಿದ್ದ ಗೋಡೆಗಳ ಮುಂದೆ ನಿಂತು ಚಿತ್ರ ಬರೆದರು. 1962ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಬಂದವರು 39 ವರ್ಷ ಅಲ್ಲೇ ಉಳಿದರು. ಎರಡು ವರ್ಷ ಬಿಟ್ಟು ಅದೇ ಊರಿನಲ್ಲಿ ಸ್ವಂತ ಆಫೀಸು ತೆರೆದರು.

ರೋಮ್ ಇಷ್ಟು ತಲೆಗೆ ಹತ್ತಿದ್ದರೂ ಅವರು ಕಟ್ಟಿದ್ದು ಬಿಳಿ ಬಿಳಿ ಮನೆಗಳನ್ನು. ಲ ಕಾರ್ಬೂಸಿಯೆ ಶೈಲಿಯ ತೆಳು ಕಂಬ, ಕಂಬಿ, ಬರೀ ಗೋಡೆ. ಪೀಟರ್ ಐಸೆನ್‌ಮನ್, ರಿಚರ್ಡ್ ಮೈಯರ್, ಚಾರ್ಲ್ಸ್ ಗ್ವಾತ್ಮೀ, ಜಾನ್ ಹೇಡಕ್ ಜೊತೆ ಸೇರಿಸಿ ಇವರನ್ನು 'ನ್ಯೂಯಾರ್ಕ್ ಫೈವ್' ಅಂತ ಕರೆಯುತ್ತಿದ್ದರು. ಇನ್ನೊಂದು ಹೆಸರು 'ವೈಟ್ಸ್'. ದೊಡ್ಡ ಕೆಲಸ ಸಿಗುತ್ತಿರಲಿಲ್ಲ. ಯಾರದೋ ಮನೆಗೆ ಒಂದು ಕೋಣೆ ಸೇರಿಸುವುದು, ಅಡುಗೆಮನೆ ಬದಲಾಯಿಸುವುದು, ಇಷ್ಟೇ. ಅದಕ್ಕೇ 'ಕ್ಯೂಬಿಸ್ಟ್ ಕಿಚನ್ ಕಿಂಗ್' ಅಂತ ಅಡ್ಡಹೆಸರೂ ಬಿತ್ತು.

1970ರ ದಶಕದ ಕೊನೆಗೆ ಅವರ ಚಿತ್ರಗಳಿಗೆ ಬಣ್ಣ ಬಂತು. ಮಣ್ಣಿನ ಕೆಂಪು, ಮಾಸಲು ಹಸಿರು, ತಿಳಿ ನೀಲಿ. ದಪ್ಪ ಕಂಬ, ಕಮಾನಿನ ಬೀಗಗಲ್ಲು (ಕಮಾನಿನ ನೆತ್ತಿಯಲ್ಲಿ ನಡುವೆ ಕೂರುವ ಕಲ್ಲು), ತ್ರಿಕೋನದ ಮಾಡು ಎಲ್ಲ ವಾಪಸ್ ಬಂದವು. ಕಟ್ಟಡ ಏಳುವ ಮೊದಲೇ ಚಿತ್ರಗಳು ಪ್ರಸಿದ್ಧವಾದವು, ನ್ಯೂಯಾರ್ಕಿನ ಗ್ಯಾಲರಿಯಲ್ಲಿ ಮಾರಾಟವೂ ಆದವು. ಫಾರ್ಗೋ ಮತ್ತು ಮೂರ್‌ಹೆಡ್ ಎಂಬ ಎರಡು ಊರುಗಳ ನಡುವೆ ರೆಡ್ ನದಿಗೆ ಅಡ್ಡಲಾಗಿ ಒಂದು ಸಾಂಸ್ಕೃತಿಕ ಕೇಂದ್ರ ಮಾಡಬೇಕು ಅಂತ ಅವರು ಯೋಜನೆ ಹಾಕಿದ್ದರು. ಅದು ಕಟ್ಟಲೇ ಇಲ್ಲ. ಆದರೆ ಆ ಚಿತ್ರವನ್ನು ನೋಡದ ಆರ್ಕಿಟೆಕ್ಚರ್ ವಿದ್ಯಾರ್ಥಿ ಆಗ ಇರಲಿಲ್ಲವೇನೋ.

ಹಾಗಾದರೆ ಗ್ರೇವ್ಸ್ ಹೇಳುತ್ತಿದ್ದದ್ದು ಏನು? ಕಟ್ಟಡ ಮನುಷ್ಯನ ಮೈಯನ್ನು ನೆನಪಿಸಬೇಕು ಅನ್ನುವುದು. ಮನುಷ್ಯನಿಗೆ ಪಾದ, ಮೈ, ತಲೆ ಇರುವ ಹಾಗೆ ಕಟ್ಟಡಕ್ಕೂ ನೆಲದ ಮೇಲೆ ಊರಿದ ಒಂದು ಬುಡ, ನಡುವಿನ ಭಾಗ, ಮೇಲೊಂದು ತಲೆ ಇರಬೇಕು. ನಮ್ಮ ದೇವಸ್ಥಾನಗಳಲ್ಲಿ ಇದು ಹೊಸ ವಿಷಯವಲ್ಲ. ಅಧಿಷ್ಠಾನದಿಂದ ಶುರುವಾಗಿ ಶಿಖರದವರೆಗೆ ಹೋಗುವಾಗ ಪಾದ, ಗ್ರೀವ (ಕತ್ತು) ಅಂತ ಮೈಯ ಹೆಸರುಗಳೇ ಬರುತ್ತವೆ. ಗಾಜಿನ ಡಬ್ಬಿಗೆ ಈ ವ್ಯತ್ಯಾಸ ಇಲ್ಲ. ಅದನ್ನು ತಲೆಕೆಳಗು ಮಾಡಿ ನಿಲ್ಲಿಸಿದರೂ ಗೊತ್ತಾಗುವುದಿಲ್ಲ.

ಕಿಟಕಿಯನ್ನೇ ತಗೊಳ್ಳಿ. ಗಾಜಿನ ಗೋಡೆ ಇದ್ದರೆ ಕಿಟಕಿ ಅನ್ನುವುದೇ ಇರುವುದಿಲ್ಲ. ಗೋಡೆಯಲ್ಲಿ ಕೊರೆದ ಕಿಟಕಿಗೆ ಒಂದು ಕಟ್ಟೆ ಇರುತ್ತದೆ. ಅದು ಹೆಚ್ಚುಕಡಿಮೆ ನಮ್ಮ ಸೊಂಟದ ಎತ್ತರಕ್ಕೆ ಬರುತ್ತದೆ. ಮೊಣಕೈ ಊರಿ ಹೊರಗೆ ನೋಡಬಹುದು. ಹೊರಗೆ ನಿಂತವನಿಗೂ ಅದನ್ನು ನೋಡಿದಾಗ ಒಳಗೊಬ್ಬ ಮನುಷ್ಯ ನಿಂತಿರಬಹುದು ಅನ್ನಿಸುತ್ತದೆ. ಬಾಗಿಲು ಬಾಗಿಲಿನ ಹಾಗೆ ಕಾಣಬೇಕು, ಕಂಬ ಭಾರ ಹೊತ್ತ ಹಾಗೆ ಕಾಣಬೇಕು. ಸಾವಿರಾರು ವರ್ಷ ಜನ ಇದನ್ನು ಓದಲು ಕಲಿತಿದ್ದಾರೆ, ಆ ಭಾಷೆಯನ್ನು ಬಿಸಾಡಿದ್ದು ತಪ್ಪು ಅನ್ನುವುದು ಗ್ರೇವ್ಸ್ ವಾದ.

ನನಗೆ ಈ ವಾದ ಒಪ್ಪಿಗೆ. ತೊಂದರೆ ಎಲ್ಲಿ ಅಂದರೆ, ಮೈಯಂತೆ *ಕಾಣುವ* ಕಟ್ಟಡ ಬೇರೆ, ಮೈಗೆ *ಆಗಿಬರುವ* ಕಟ್ಟಡ ಬೇರೆ. ಗ್ರೇವ್ಸ್ ಮೊದಲನೆಯದನ್ನು ಬಹಳ ಬೇಗ ಸಾಧಿಸಿದರು. ಎರಡನೆಯದಕ್ಕೆ ಅವರಿಗೆ ಬಹಳ ವರ್ಷ ಬೇಕಾಯಿತು. ಈ ಅಂತರ ಎದ್ದು ಕಾಣುವುದು ಅವರಿಗೆ ಹೆಸರು ತಂದ ಕಟ್ಟಡದಲ್ಲೇ.

ಅದು ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ಬಿಲ್ಡಿಂಗ್. ನಗರಾಡಳಿತದ ಕಚೇರಿ, 15 ಮಹಡಿ, 1982ರಲ್ಲಿ ಉದ್ಘಾಟನೆ. ಸ್ಪರ್ಧೆಯ ಕೊನೇ ಸುತ್ತಿಗೆ ಬಂದವರು ಮೂವರು: ಗ್ರೇವ್ಸ್, ಕೆನಡಾದ ಆರ್ಥರ್ ಎರಿಕ್ಸನ್, ಮತ್ತು ಮಿಚೆಲ್-ಜುರ್ಗೋಲಾ ಸಂಸ್ಥೆ. ಆಯ್ಕೆಗೆ ಸಲಹೆ ಕೊಡಲು ಬಂದಿದ್ದವರು ಹೆಸರಾಂತ ಆರ್ಕಿಟೆಕ್ಟ್ ಫಿಲಿಪ್ ಜಾನ್ಸನ್. ಅವರೂ ಆಗ ನ್ಯೂಯಾರ್ಕಿನ ಎಟಿ ಅಂಡ್ ಟಿ ಕಟ್ಟಡದ ನೆತ್ತಿಗೆ ಹಳೇ ಬೀರುವಿನ ತಲೆ ಇಡುವ ಯೋಜನೆಯಲ್ಲಿದ್ದರು. ಅವರ ಒಲವು ಯಾವ ಕಡೆಗೆ ಅಂತ ಬಿಡಿಸಿ ಹೇಳಬೇಕಿಲ್ಲ. ಗ್ರೇವ್ಸ್ ವಿನ್ಯಾಸಕ್ಕೆ ಖರ್ಚೂ ಕಡಿಮೆ ಇತ್ತು. 1970ರ ದಶಕದ ತೈಲ ಬಿಕ್ಕಟ್ಟಿನ ನೆನಪು ಹಸಿಯಾಗಿದ್ದ ಕಾಲ ಅದು. ಗಾಜು ಕಡಿಮೆ ಇದ್ದರೆ ಕರೆಂಟೂ ಉಳಿಯುತ್ತದೆ ಅನ್ನುವ ಲೆಕ್ಕವೂ ಅನುಕೂಲಕ್ಕೆ ಬಂತು.

ಊರಿನ ಆರ್ಕಿಟೆಕ್ಟ್‌ಗಳು ರೊಚ್ಚಿಗೆದ್ದರು. ಮುಂದಾಳು ಪಿಯೆತ್ರೊ ಬೆಲುಸ್ಕಿ, ಪೋರ್ಟ್‌ಲೆಂಡಿನ ಹಿರಿಯ ಮಾಡರ್ನಿಸ್ಟ್. ಅವರು ಇದನ್ನು ದೈತ್ಯ ಜೂಕ್‌ಬಾಕ್ಸ್‌ಗೆ (ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆ), ರಿಬ್ಬನ್ ಕಟ್ಟಿದ ಕ್ರಿಸ್‌ಮಸ್ ಉಡುಗೊರೆಯ ಪೊಟ್ಟಣಕ್ಕೆ ಹೋಲಿಸಿದರು. ಕ್ರಿಸ್‌ಮಸ್ ಪೊಟ್ಟಣದ ಮಾತಿನಲ್ಲಿ ಸತ್ಯ ಇಲ್ಲದೆ ಇಲ್ಲ. ಕಟ್ಟಡದ ಬದಿಗಳಲ್ಲಿ ನಿಜವಾಗಿಯೂ ನೀಲಿ ರಿಬ್ಬನ್ ಇದೆ!

ಮುಂಭಾಗವನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗೋಣ. ಬುಡಕ್ಕೆ ನೀಲಿ-ಹಸಿರು ಟೈಲ್ಸ್, ಮೆಟ್ಟಿಲು ಮೆಟ್ಟಿಲಾಗಿ. ಇದು ನೆಲ, ಹಸಿರು ಇದ್ದ ಹಾಗೆ. ಅದರ ಮೇಲೆ ಕೆನೆ ಬಣ್ಣದ ದೊಡ್ಡ ಚೌಕ, ಅದರ ತುಂಬ ಪುಟ್ಟ ಪುಟ್ಟ ಚೌಕದ ಕಿಟಕಿಗಳು. ನಡುವೆ ಹಲವು ಮಹಡಿ ಎತ್ತರದ ಎರಡು ಕಂದುಗೆಂಪು ಕಂಬಗಳು. ಕಂಬ ಅಂದರೆ ಗೋಡೆಗೆ ಅಂಟಿದ ಕಂಬದ ಚಿತ್ರ ಅನ್ನಿ. ಅವುಗಳ ಮೇಲೆ ಕಮಾನಿನ ಬೀಗಗಲ್ಲಿನ ಆಕಾರದ ಒಂದು ದೊಡ್ಡ ಗುರುತು. ಕಮಾನೇ ಇಲ್ಲದ ಕಡೆ ಬೀಗಗಲ್ಲು! ಅದು ಯಾವ ಭಾರವನ್ನೂ ಹೊರುವುದಿಲ್ಲ, 'ನಾನು ಮುಖ್ಯವಾದ ಕಟ್ಟಡ' ಅಂತ ದೂರದಿಂದಲೇ ಹೇಳುತ್ತದೆ. ಸರ್ಕಾರಿ ಕಟ್ಟಡ ಸರ್ಕಾರಿ ಕಟ್ಟಡದ ಹಾಗೆ ಕಾಣಬೇಕು ಅನ್ನುವ ಆಸೆ ವಿಧಾನಸೌಧ ನೋಡಿ ಬೆಳೆದವರಿಗೆ ತಕ್ಷಣ ಅರ್ಥವಾಗುತ್ತದೆ.

ಈಗ ಒಳಗೆ ಹೋಗಿ. ಆ ಪುಟ್ಟ ಕಿಟಕಿಗಳು ಸುಮಾರು ನಾಲ್ಕು ಅಡಿ ಚೌಕ, ಗಾಜೂ ಆಗ ಕಪ್ಪಾಗಿತ್ತು. ಬೂದು ಆಕಾಶದ ಊರು ಬೇರೆ. ತಿಂಗಳುಗಟ್ಟಲೆ ಮಳೆ. ಅಲ್ಲಿ ಕೆಲಸ ಮಾಡುವವರು ಕತ್ತಲು ಅಂದರು, ಚಾವಣಿ ತೀರಾ ಕೆಳಗೆ ಅಂದರು. ಆಮೇಲೆ ನೀರು ಸೋರಲೂ ಶುರುವಾಯಿತು. ಬಜೆಟ್ ಬಿಗಿಯಾಗಿದ್ದರಿಂದ ಗ್ರೇವ್ಸ್ ಚಿತ್ರದಲ್ಲಿದ್ದ ಎಷ್ಟೋ ವಿಷಯ ಬಿಟ್ಟುಹೋಗಿದ್ದವು. ಮೇಲ್ಛಾವಣಿಯ ಮೇಲೆ ಪುಟ್ಟ ಹಳ್ಳಿಯ ಹಾಗೆ ಕೆಲವು ಮಂಟಪಗಳು ಬರಬೇಕಿತ್ತು, ಬರಲಿಲ್ಲ. ಕಲ್ಲಿನ ಬದಲು ಬಣ್ಣ ಬಳಿದ ಕಾಂಕ್ರೀಟ್ ಬಂತು. ಎಲ್ಲ ತಪ್ಪನ್ನೂ ಆರ್ಕಿಟೆಕ್ಟ್ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಹೊರಗಿನ ಮುಖಕ್ಕೆ ಕೊಟ್ಟ ಗಮನದಲ್ಲಿ ಅರ್ಧದಷ್ಟಾದರೂ ಒಳಗಿನ ಮೇಜಿಗೆ ಸಿಕ್ಕಿದ್ದರೆ ಚೆನ್ನಾಗಿತ್ತು.

ಬಾಗಿಲ ಮೇಲೆ ಕೂತಿರುವ 'ಪೋರ್ಟ್‌ಲ್ಯಾಂಡಿಯಾ' ಬಗ್ಗೆ ಒಂದು ಮಾತು. ಮಂಡಿಯೂರಿ ಕೈ ಚಾಚಿದ ಹೆಣ್ಣಿನ ತಾಮ್ರದ ಶಿಲ್ಪ ಅದು. ಮಾಡಿದವರು ರೇಮಂಡ್ ಕ್ಯಾಸ್ಕಿ. 1985ರಲ್ಲಿ ವಿಲಾಮೆಟ್ ನದಿಯಲ್ಲಿ ದೋಣಿಯ ಮೇಲೆ ಬಂತು. ಬಡಿದು ಮಾಡಿದ ತಾಮ್ರದ ಶಿಲ್ಪಗಳಲ್ಲಿ ಅಮೆರಿಕದಲ್ಲಿ ಇದಕ್ಕಿಂತ ದೊಡ್ಡದು ಸ್ವಾತಂತ್ರ್ಯ ದೇವಿಯ ಪ್ರತಿಮೆ ಒಂದೇ. ಹಾಗಿದ್ದರೂ ಇದು ಅಷ್ಟು ಪ್ರಸಿದ್ಧವಲ್ಲ. ಕ್ಯಾಸ್ಕಿ ಕಾಪಿರೈಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದರಿಂದ ಪೋಸ್ಟ್‌ಕಾರ್ಡು, ಟಿ-ಶರ್ಟಿನ ಮೇಲೆ ಇದು ಬರುವುದೇ ಅಪರೂಪ.

ಗ್ರೇವ್ಸ್ ಅವರ ದೊಡ್ಡ ಕಟ್ಟಡಗಳಲ್ಲಿ ನನಗೆ ಇಷ್ಟವಾಗುವುದು ಇದರ ಹಿಂದೆಯೇ ಬಂದ ಹ್ಯುಮಾನಾ ಬಿಲ್ಡಿಂಗ್. ಕೆಂಟಕಿಯ ಲೂಯಿವಿಲ್‌ನಲ್ಲಿದೆ, 1985ರಲ್ಲಿ ಮುಗಿಯಿತು, 26 ಮಹಡಿ. ಈ ಸಲ ದುಡ್ಡಿತ್ತು. ಹೀಗಾಗಿ ಬಣ್ಣ ಬಳಿದ ಕಾಂಕ್ರೀಟ್ ಹೋಗಿ ಗುಲಾಬಿ ಗ್ರಾನೈಟ್ ಬಂತು. ಬೀದಿಯ ಮಟ್ಟದಲ್ಲಿ ಎತ್ತರದ ಕಂಬಗಳ ಜಗುಲಿ, ಅಲ್ಲಿ ನೀರು ಧುಮುಕುತ್ತದೆ. ಅಕ್ಕಪಕ್ಕದ ಹಳೇ ಅಂಗಡಿಗಳಿಗೆ ಸರಿಹೊಂದುವಂತೆ ಬುಡ ತಗ್ಗಾಗಿದೆ, ಗೋಪುರ ಹಿಂದೆ ಸರಿದು ಏಳುತ್ತದೆ. ಮೇಲೆ 25ನೇ ಮಹಡಿಯಲ್ಲಿ ಒಂದು ಬಾಲ್ಕನಿ ಹೊರಚಾಚಿದೆ. ಅದನ್ನು ಹಿಡಿದಿರುವ ಉಕ್ಕಿನ ಜಾಲ ಎದುರಿನ ಓಹಾಯೋ ನದಿಯ ಸೇತುವೆಗಳನ್ನು ನೆನಪಿಸುತ್ತದೆ. ಪೋರ್ಟ್‌ಲೆಂಡಿನಲ್ಲಿ ಚಿತ್ರವಾಗಿದ್ದದ್ದು ಇಲ್ಲಿ ನಿಜವಾದ ಆಳ, ನೆರಳು, ನಿಲ್ಲುವ ಜಾಗ ಆಗಿದೆ.

ಆಮೇಲೆ ಕೆಲಸಗಳ ಮಹಾಪೂರ. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಸ್ವಾನ್ ಮತ್ತು ಡಾಲ್ಫಿನ್ ಎಂಬ ಜೋಡಿ ಹೋಟೆಲು. ಸ್ವಾನ್ ನೆತ್ತಿಯ ಮೇಲೆ ಕೂತ ಹಂಸಗಳೇ 47 ಅಡಿ. ರಜೆಗೆ ಬಂದವರಿಗೆ ಖುಷಿ ಕೊಡುತ್ತವೆ, ಅದಕ್ಕಿಂತ ಜಾಸ್ತಿ ಹೇಳುವುದು ಕಷ್ಟ. ಡೆನ್ವರ್ ನಗರದ ದೊಡ್ಡ ಗ್ರಂಥಾಲಯ 1995ರದು. ಅಲ್ಲೇ ಇದ್ದ 1956ರ ಹಳೇ ಕಟ್ಟಡವನ್ನು ಕೆಡವದೆ ಪಕ್ಕದಲ್ಲಿ ಬಣ್ಣಬಣ್ಣದ ಹಲವು ಆಕಾರಗಳನ್ನು ಒಂದು ಊರಿನಂತೆ ಜೋಡಿಸಿದ್ದಾರೆ. ಒಂದು ಮುಖ್ಯ ಸೋಲೂ ಇದೆ. ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಆಗ ಇದ್ದದ್ದು ಮಾರ್ಸೆಲ್ ಬ್ರಾಯರ್ ಕಟ್ಟಿದ, ಬೂದು ಕಲ್ಲಿನ ಗಡಸು ಕಟ್ಟಡದಲ್ಲಿ. ಅದನ್ನು ವಿಸ್ತರಿಸಲು ಗ್ರೇವ್ಸ್ 1985ರಲ್ಲಿ ಯೋಜನೆ ಕೊಟ್ಟರು. ಬ್ರಾಯರ್ ಕಟ್ಟಡವನ್ನು ಇದು ನುಂಗಿಹಾಕುತ್ತದೆ ಅಂತ ಗಲಾಟೆಯೆದ್ದಿತು. ಎರಡು ಸಲ ತಿದ್ದಿದರೂ ಆಗಲಿಲ್ಲ, ಕೊನೆಗೆ ಕೈಬಿಟ್ಟರು.

ಇಷ್ಟೆಲ್ಲ ಕಟ್ಟಿದರೂ ಗ್ರೇವ್ಸ್ ಹೆಸರು ಮನೆಮನೆಗೆ ತಲುಪಿದ್ದು ಒಂದು ಕೆಟಲ್‌ನಿಂದ. ಇಟಲಿಯ ಅಲೆಸ್ಸಿ ಕಂಪನಿಗೆ 1985ರಲ್ಲಿ ಮಾಡಿಕೊಟ್ಟದ್ದು, ಮಾಡೆಲ್ ನಂಬರ್ 9093. ಸ್ಟೀಲಿನ ಶಂಕುವಿನಾಕಾರ. ಬುಡ ಅಗಲ, ಹಾಗಾಗಿ ನೀರು ಬೇಗ ಕುದಿಯುತ್ತದೆ. ತಳದ ಸುತ್ತ ಸಣ್ಣ ಗುಂಡು ಚುಕ್ಕಿಗಳ ಸಾಲಿದೆ. ಮೇಲೆ ಬಾಗಿದ ಹಿಡಿ ನೀಲಿ. ಕೊಳವೆಯ ತುದಿಯಲ್ಲಿ ಒಂದು ಕೆಂಪು ಹಕ್ಕಿ. ನೀರು ಕುದಿದಾಗ ಹಬೆ ನುಗ್ಗಿ ಹಕ್ಕಿ ಸಿಳ್ಳೆ ಹಾಕುತ್ತದೆ. ಇಲ್ಲಿ ಬಣ್ಣ ಸುಮ್ನೆ ಬಂದದ್ದಲ್ಲ. ನೀಲಿ ಅಂದರೆ ತಣ್ಣಗೆ, ಇಲ್ಲಿ ಹಿಡಿ. ಕೆಂಪು ಅಂದರೆ ಬಿಸಿ, ಹುಷಾರು. ಓದು ಬಾರದ ಮಗುವಿಗೂ ತಿಳಿಯುತ್ತದೆ. ಹತ್ತು ಲಕ್ಷಕ್ಕಿಂತ ಜಾಸ್ತಿ ಮಾರಾಟವಾದ ಈ ಕೆಟಲ್‌ನಲ್ಲಿ ಮೊದಲ ಬಾರಿಗೆ ಗ್ರೇವ್ಸ್ ಬಣ್ಣ ಕಣ್ಣಿನ ಜೊತೆ ಕೈಗೂ ಮಾತಾಡಿತು.

ಅಲೆಸ್ಸಿ ಕೆಟಲ್ ಎಲ್ಲರ ಕೈಗೆಟುಕುವ ಬೆಲೆಯದಲ್ಲ. ಮುಂದೆ ವಾಷಿಂಗ್ಟನ್ ಸ್ಮಾರಕದ ದುರಸ್ತಿ ನಡೆದಾಗ ಅದರ ಸುತ್ತ ಹಾಕಿದ ಸಾರುವೆಯನ್ನು ಗ್ರೇವ್ಸ್ ವಿನ್ಯಾಸ ಮಾಡಿದರು. ಸಾರುವೆಗೂ ಆರ್ಕಿಟೆಕ್ಟ್ ಬೇಕಾ ಅಂತ ಕೇಳಬೇಡಿ. ಕಲ್ಲಿನ ಸಂದುಗಳನ್ನು ದೊಡ್ಡದು ಮಾಡಿ ಜಾಲರಿಯ ಮೇಲೆ ಮೂಡಿಸಿ, ರಾತ್ರಿ ಒಳಗಿನಿಂದ ಬೆಳಗಿಸಿದಾಗ ಜನ ಅದನ್ನೇ ನೋಡಲು ಬಂದರು. ಅದಕ್ಕೆ ಹಣ ಕೊಟ್ಟವರಲ್ಲಿ ಟಾರ್ಗೆಟ್ ಅಂಗಡಿಯವರು ಮುಖ್ಯರು. ಆ ನಂಟಿನಿಂದ 1999ರಲ್ಲಿ ಟಾರ್ಗೆಟ್ ಮಳಿಗೆಗಳಿಗೆ ಎಲ್ಲರ ಕೈಗೆಟುಕುವ ಬೆಲೆಯ ಗ್ರೇವ್ಸ್ ಟೋಸ್ಟರು, ಕೆಟಲು, ಗಡಿಯಾರ, ಸೌಟು ಬಂದವು. ದೊಡ್ಡ ಆರ್ಕಿಟೆಕ್ಟ್ ಸೌಟು ಮಾರುವುದಾ ಅಂತ ಕೆಲವರು ಮೂಗು ಮುರಿದರು. ಅದೇ ಹೊತ್ತಿಗೆ ದೊಡ್ಡ ಗೌರವಗಳೂ ಬಂದವು: 1999ರಲ್ಲಿ ಅಮೆರಿಕದ ನ್ಯಾಷನಲ್ ಮೆಡಲ್ ಆಫ್ ಆರ್ಟ್ಸ್, 2001ರಲ್ಲಿ ಆರ್ಕಿಟೆಕ್ಟ್‌ಗಳ ಸಂಸ್ಥೆಯ ಚಿನ್ನದ ಪದಕ.

2003ರಲ್ಲಿ ಎಲ್ಲವೂ ಬದಲಾಯಿತು. ಸೈನಸ್ ಸೋಂಕು ಅಂತ ಶುರುವಾದದ್ದು ಬೆನ್ನುಹುರಿಗೆ ಇಳಿಯಿತು. ಎದೆಯಿಂದ ಕೆಳಗೆ ಸ್ವಾಧೀನ ಹೋಯಿತು. ಆಗ ಅವರಿಗೆ 69ರ ಆಸುಪಾಸು. ತಿಂಗಳುಗಟ್ಟಲೆ ಆಸ್ಪತ್ರೆ, ಚಿಕಿತ್ಸಾ ಕೇಂದ್ರ. ಒಂದು ದಿನ ಗಾಲಿಕುರ್ಚಿಯಲ್ಲಿ ಕೂತು ಶೇವ್ ಮಾಡಿಕೊಳ್ಳಲು ಬಾತ್‌ರೂಮಿಗೆ ಹೋದರು. ಕನ್ನಡಿ ನಿಂತವರ ಎತ್ತರಕ್ಕಿತ್ತು. ನಲ್ಲಿ ಕೈಗೆ ಸಿಗಲಿಲ್ಲ. ಪ್ಲಗ್ ಪಾಯಿಂಟ್ ಬಗ್ಗಿದರೂ ಮುಟ್ಟದಷ್ಟು ಕೆಳಗೆ. ಗಾಲಿಕುರ್ಚಿಯವರಿಗೆಂದೇ ಮಾಡಿದ ಜಾಗದಲ್ಲಿ ಇಷ್ಟು ಅವಸ್ಥೆ! ಇಲ್ಲಿ ಸಾಯಲು ಮನಸ್ಸಿಲ್ಲ, ಅಷ್ಟು ಕುರೂಪ ಈ ಕೋಣೆ ಅಂತ ಅವರು ಹೇಳಿದ್ದನ್ನು ಆಮೇಲೆ ಅವರೇ ಎಷ್ಟೋ ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ. ಮಾತಿನಲ್ಲಿ ನಗು ಇದೆ, ಸಿಟ್ಟೂ ಇದೆ.

ಮುಂದಿನ ಹನ್ನೆರಡು ವರ್ಷ ಆ ಸಿಟ್ಟಿನಲ್ಲೇ ಕೆಲಸ ಮಾಡಿದರು. ತಮ್ಮ ತಂಡದವರನ್ನು ಒಂದು ವಾರ ಗಾಲಿಕುರ್ಚಿಯಲ್ಲಿ ಕೂರಿಸಿ ಓಡಾಡಿಸಬೇಕು ಅನ್ನುವ ಮಟ್ಟದ ಹಟ ಅವರದು. ವೈದ್ಯಕೀಯ ಉಪಕರಣಗಳ ಸ್ಟ್ರೈಕರ್ ಕಂಪನಿಗೆ ಆಸ್ಪತ್ರೆಯ ಪೀಠೋಪಕರಣ ಮಾಡಿಕೊಟ್ಟರು. ಅವುಗಳಲ್ಲಿ 'ಪ್ರೈಮ್ ಟಿಸಿ' ಎಂಬ ಗಾಲಿಕುರ್ಚಿಯನ್ನು ಹತ್ತಿರದಿಂದ ನೋಡಬೇಕು. ಆಸ್ಪತ್ರೆಯೊಳಗೆ ರೋಗಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕರೆದೊಯ್ಯುವ ಕುರ್ಚಿ ಇದು. ತಳ್ಳುವ ಹಿಡಿಗಳು ಉದ್ದಕ್ಕೆ ನಿಂತಿವೆ. ಕುಳ್ಳಗಿನ ನರ್ಸ್ ಕೆಳಗೆ ಹಿಡಿಯಬಹುದು, ಎತ್ತರದವರು ಮೇಲೆ. ಯಾರೂ ಬೆನ್ನು ಬಗ್ಗಿಸಬೇಕಿಲ್ಲ. ಕೈಯಿಡುವ ಭಾಗ ಮೇಲೆ ಎತ್ತಿಕೊಳ್ಳುತ್ತದೆ, ಹಾಗಾಗಿ ಹಾಸಿಗೆಯಿಂದ ಜಾರಿ ಕೂರುವುದು ಸುಲಭ. ಮಡಚಲು ಬರುವುದಿಲ್ಲ. ಒಂದರೊಳಗೆ ಒಂದು ಸೇರುತ್ತವೆ, ಜಾಗ ಉಳಿಯುತ್ತದೆ. ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಲೂ ಆಗುವುದಿಲ್ಲ. ಆಸ್ಪತ್ರೆಗಳಲ್ಲಿ ಗಾಲಿಕುರ್ಚಿ ಕಳುವಾಗುವುದು ಎಷ್ಟು ಮಾಮೂಲು ಅಂತ ಅಲ್ಲಿ ಕೆಲಸ ಮಾಡುವವರನ್ನು ಕೇಳಿ. ಇನ್ನು, ಎಲ್ಲಿ ಮುಟ್ಟಬೇಕೋ ಆ ಭಾಗಗಳಿಗೆ ಬೇರೆ ಬಣ್ಣ. ಕೆಟಲ್‌ನ ಪಾಠವೇ.

ವರ್ಜೀನಿಯಾದ ಫೋರ್ಟ್ ಬೆಲ್ವಾರ್ ಸೇನಾ ನೆಲೆಯಲ್ಲಿ, ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗಾಗಿ 2011ರಲ್ಲಿ ಎರಡು ಮಾದರಿ ಮನೆಗಳು ಎದ್ದವು. ಅಡುಗೆಮನೆಯ ಕಟ್ಟೆಯನ್ನೂ ಸಿಂಕನ್ನೂ ಕೂತವರಿಗೆ ಬೇಕಾದಷ್ಟು ಕೆಳಗಿಳಿಸಬಹುದು. ಓಡಾಡುವ ದಾರಿ ಅಗಲ, ಕಿಟಕಿಗಳು ದೊಡ್ಡವು. ಪೋರ್ಟ್‌ಲೆಂಡಿನ ನಾಲ್ಕು ಅಡಿ ಕಿಟಕಿ ಬರೆದ ಕೈಯೇ ಇದನ್ನೂ ಬರೆದದ್ದು. 2013ರಲ್ಲಿ ಆಗಿನ ಅಧ್ಯಕ್ಷ ಒಬಾಮಾ ಗ್ರೇವ್ಸ್ ಅವರನ್ನು ಅಂಗವಿಕಲರ ಅನುಕೂಲಗಳನ್ನು ನೋಡಿಕೊಳ್ಳುವ ಆಕ್ಸೆಸ್ ಬೋರ್ಡಿಗೆ ನೇಮಿಸಿದರು.

ಚಿತ್ರ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಆರ್ಕಿಟೆಕ್ಟ್‌ಗಳು ಕೈಯಲ್ಲಿ ಬರೆಯುವುದನ್ನೇ ಮರೆತರು ಅಂತ 2012ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಲೇಖನ ಬರೆದರು. 2015ರ ಮಾರ್ಚ್ 12ರಂದು ಪ್ರಿನ್ಸ್‌ಟನ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು. ಆ ಮನೆ ಮೊದಲು ಒಂದು ಗೋದಾಮು. ವಿಶ್ವವಿದ್ಯಾಲಯದ ಕಟ್ಟಡಗಳ ಕೆಲಸಕ್ಕೆ ಬಂದಿದ್ದ ಇಟಾಲಿಯನ್ ಕಲ್ಲುಕುಟಿಗರು 1926ರಲ್ಲಿ ಕಟ್ಟಿದ್ದು. ಗ್ರೇವ್ಸ್ ಅದನ್ನು ದಶಕಗಟ್ಟಲೆ ತಿದ್ದಿ ಇಟಲಿಯ ತೋಟದ ಮನೆಯ ಹಾಗೆ ಮಾಡಿದ್ದರು. 39 ವರ್ಷ ಪಾಠ ಹೇಳಿದ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದರೆ ಅವರು ಬೇಡ ಅಂದರು. ಕೊನೆಗೆ ನ್ಯೂಜೆರ್ಸಿಯ ಕೀನ್ ವಿಶ್ವವಿದ್ಯಾಲಯ ಕೊಂಡಿತು, 20 ಡಾಲರಿಗೆ!

ಇತ್ತ ಪೋರ್ಟ್‌ಲೆಂಡ್ ಬಿಲ್ಡಿಂಗ್ ಸೋರುತ್ತಲೇ ಇತ್ತು. 2011ರಲ್ಲಿ, ಸಾಮಾನ್ಯವಾಗಿ ಬೇಕಾದ ಐವತ್ತು ವರ್ಷ ತುಂಬುವ ಮೊದಲೇ, ಅದಕ್ಕೆ ರಾಷ್ಟ್ರೀಯ ಪಾರಂಪರಿಕ ಪಟ್ಟಿಯಲ್ಲಿ ಜಾಗ ಸಿಕ್ಕಿತ್ತು. ಅದಾದ ಮೇಲೂ ಕೆಡವಿಬಿಡಿ ಅನ್ನುವವರು ಇದ್ದರು. 2014ರಲ್ಲಿ ಗ್ರೇವ್ಸ್ ಗಾಲಿಕುರ್ಚಿಯಲ್ಲೇ ಆ ಊರಿಗೆ ಬಂದು ತಮ್ಮ ಕಟ್ಟಡದ ಪರ ಮಾತಾಡಿದ್ದರು. ನಗರಾಡಳಿತ ಉಳಿಸಲು ತೀರ್ಮಾನಿಸಿತು. 2017ರಿಂದ 2020ರವರೆಗೆ ಸುಮಾರು 19.5 ಕೋಟಿ ಡಾಲರ್ ಖರ್ಚಿನಲ್ಲಿ ದುರಸ್ತಿ ನಡೆಯಿತು. ಹಳೇ ಕಾಂಕ್ರೀಟಿನ ಮೇಲೆ ಪೂರ್ತಿ ಅಲ್ಯೂಮಿನಿಯಂ ಹೊದಿಕೆ ಹಾಕಿದರು. ಬುಡದ ಟೈಲ್ಸ್ ಬದಲಾದವು. ಕಪ್ಪು ಗಾಜು ಹೋಗಿ ತಿಳಿ ಗಾಜು ಬಂತು. ಹಳೇ ಕಟ್ಟಡಗಳನ್ನು ಕಾಯುವವರಿಗೆ ಇದು ಸಿಟ್ಟು ತರಿಸಿತು. ಮೂಲ ಗೋಡೆ ಮುಚ್ಚಿಹೋದ ಮೇಲೆ ಉಳಿದದ್ದು ನಕಲು ಅನ್ನುವುದು ಅವರ ದೂರು. ಬೇರೆ ಯಾವುದಾದರೂ ಕಟ್ಟಡವಾಗಿದ್ದರೆ ನಾನೂ ಅವರ ಜೊತೆ ನಿಲ್ಲುತ್ತಿದ್ದೆ. ಆದರೆ ಇದರ ಕಂಬ, ಬೀಗಗಲ್ಲು, ರಿಬ್ಬನ್ ಎಲ್ಲ ಮೊದಲಿಂದಲೂ ಗೋಡೆಯ ಮೇಲಿನ ಚಿತ್ರವೇ. ಅದೇ ಚಿತ್ರವನ್ನು ಹೊಸ ಹಾಳೆಯ ಮೇಲೆ ಮತ್ತೆ ಬರೆದಿದ್ದಾರೆ, ಜೊತೆಗೆ ಒಳಗಿನವರಿಗೆ ಮೊದಲಿಗಿಂತ ಬೆಳಕೂ ಸಿಕ್ಕಿದೆ. ಇದರಲ್ಲಿ ಗ್ರೇವ್ಸ್‌ಗೆ ಅನ್ಯಾಯವಾಗಿದೆ ಅಂತ ನನಗಂತೂ ಅನ್ನಿಸುವುದಿಲ್ಲ.